ಸೋತವನನ್ನು ಸೋತವನು ಅಂತಲೇ ಕರೆಯೋಣ

ಹೋದ ತಿಂಗಳು ಈ ಅಂಕಣದಲ್ಲಿ ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇಯ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ' ಓದಿ ಅಂತ ಬರೆದಿದ್ದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಜಾಸ್ತಿ ಪತ್ರ ಬಂದವು. ಇದು ನಾನು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ಪುಸ್ತಕ. ನಿವೃತ್ತಿಯಾಗಿ ರಾಯಚೂರಿನ ಮನೆಯಲ್ಲಿ ಕೂತ ಮೇಲೂ ಕೈಬಿಡದ ಪುಸ್ತಕ. ಹಾಗಾಗಿ ಈ ಸಲ ಎಲ್ಲ ಉತ್ತರವೂ ಅದರ ಬಗ್ಗೆಯೇ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯೂಬಾದ ಮುದಿ ಮೀನುಗಾರ ಸಾಂಟಿಯಾಗೊ. 84 ದಿನ ಅವನಿಗೆ ಒಂದು ಮೀನೂ ಸಿಕ್ಕಿಲ್ಲ. 85ನೇ ದಿನ ಒಬ್ಬನೇ ದೂರ ಕಡಲಿಗೆ ಹೋಗುತ್ತಾನೆ. ದೋಣಿಗಿಂತ ಉದ್ದದ ಮಾರ್ಲಿನ್ ಮೀನು ಗಾಳಕ್ಕೆ ಬೀಳುತ್ತದೆ. ಎರಡು ಹಗಲು, ಎರಡು ರಾತ್ರಿ ಅದು ದೋಣಿಯನ್ನೇ ಎಳೆದುಕೊಂಡು ಹೋಗುತ್ತದೆ. ಮೂರನೇ ದಿನ ಅದನ್ನು ಕೊಲ್ಲುತ್ತಾನೆ. ದೋಣಿಯ ಪಕ್ಕಕ್ಕೆ ಕಟ್ಟಿಕೊಂಡು ಬರುವಾಗ ಶಾರ್ಕ್‌ಗಳು ತಿಂದು ಮುಗಿಸುತ್ತವೆ. ದಡಕ್ಕೆ ಬರುವುದು ತಲೆ, ಎಲುಬು, ಬಾಲ ಅಷ್ಟೇ. 1952ರಲ್ಲಿ ಬಂದ ಪುಸ್ತಕ.

ಪ್ರಶ್ನೆ: ಮೇಡಂ, ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪಿಎಸ್ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದಿದೆ. ಯಾವುದೂ ಆಗಲಿಲ್ಲ. ಈಗ ಊರಿಗೆ ವಾಪಸ್ ಬಂದಿದ್ದೇನೆ. ಕೋಚಿಂಗ್ ಸೆಂಟರಿನ ಗೋಡೆಯ ಮೇಲೆ ಈ ಪುಸ್ತಕದ ಮಾತು ಬರೆದಿದ್ದರು. ಮನುಷ್ಯನನ್ನು ನಾಶ ಮಾಡಬಹುದು, ಸೋಲಿಸೋಕೆ ಆಗಲ್ಲ ಅಂತ. ನೀವು ಬರೆದದ್ದು ನೋಡಿ ಪುಸ್ತಕ ಓದಿದೆ. ಮುದುಕ ಬರೀ ಎಲುಬು ತಂದ. ಇದು ಗೆಲುವು ಹೇಗೆ ಆಗುತ್ತದೆ? ನನಗೇ ಅರ್ಥ ಆಗಲಿಲ್ಲವೋ?
— ಹೆಸರು ಬೇಡ, ಮಸ್ಕಿ

ಉತ್ತರ: ತಮ್ಮಾ, ನಿನಗೆ ಸರಿಯಾಗಿಯೇ ಅರ್ಥ ಆಗಿದೆ. ಮುದುಕ ಸೋತಿದ್ದಾನೆ. ಗೋಡೆಯ ಮೇಲೆ ಬರೆದವರು ಪುಸ್ತಕವನ್ನು ಕೊನೆಯವರೆಗೆ ಓದಿದಂತೆ ಕಾಣುವುದಿಲ್ಲ.

ಆ ಮಾತು ಪುಸ್ತಕದಲ್ಲಿ ಎಲ್ಲಿ ಬರುತ್ತದೆ, ನೋಡು. ಮೀನು ಕೊಂದು ಒಂದು ಗಂಟೆ ಆದ ಮೇಲೆ ಮೊದಲನೇ ಶಾರ್ಕ್ ಬರುತ್ತದೆ. ಅದು ಮಾಕೊ ಜಾತಿಯದು. ಮುದುಕ ಅದನ್ನು ಈಟಿಯಿಂದ ಕೊಲ್ಲುತ್ತಾನೆ. ಅಷ್ಟರಲ್ಲಿ ಅದು ಸುಮಾರು 40 ಪೌಂಡ್ ಮಾಂಸ ಕಿತ್ತಿರುತ್ತದೆ. 40 ಪೌಂಡ್ ಅಂದರೆ 18 ಕೆಜಿ. ಅವನ ಅಂದಾಜಿನಲ್ಲಿ ಇಡೀ ಮೀನು 1500 ಪೌಂಡಿಗೂ ಜಾಸ್ತಿ. ಹೋಗಿದ್ದು ಅದರಲ್ಲಿ ಒಂದು ಚೂರು. ಆಗ ಹೇಳುತ್ತಾನೆ ಆ ಮಾತು. ಇನ್ನೂ ಬಹುಪಾಲು ಕೈಯಲ್ಲಿರುವಾಗ ಹೇಳಿದ ಮಾತು ಅದು.

ಆಮೇಲೆ ಏನಾಯಿತು? ಈಟಿ ಆ ಶಾರ್ಕಿನ ಜೊತೆಗೇ ಮುಳುಗಿತು. ಹುಟ್ಟಿಗೆ ಚಾಕು ಕಟ್ಟಿಕೊಂಡ. ಎರಡು ಶಾರ್ಕ್ ಬಂದು ಮೀನಿನ ಕಾಲು ಭಾಗ, ಅದೂ ಒಳ್ಳೆಯ ಮಾಂಸ ಇರುವ ಭಾಗ, ತಿಂದವು. ಮತ್ತೊಂದು ಬಂದಾಗ ಚಾಕು ಮುರಿಯಿತು. ದೊಣ್ಣೆ ಹಿಡಿದ. ರಾತ್ರಿ ಗುಂಪಾಗಿ ಬಂದವು. ಕತ್ತಲಲ್ಲಿ ದೊಣ್ಣೆಯನ್ನೂ ಕಿತ್ತುಕೊಂಡವು. ದೋಣಿ ತಿರುಗಿಸುವ ಚುಕ್ಕಾಣಿಯ ಹಿಡಿಯನ್ನೇ ಕಿತ್ತು ಹೊಡೆದ. ಅದೂ ಮುರಿಯಿತು. ಮುರಿದ ತುಂಡಿನಿಂದ ಚುಚ್ಚಿದ. ಆಮೇಲೆ ತಿನ್ನುವುದಕ್ಕೆ ಏನೂ ಉಳಿದಿರಲಿಲ್ಲ.

ಇಲ್ಲಿ ಲೇಖಕ ಸ್ಪಷ್ಟವಾಗಿ ಬರೆಯುತ್ತಾನೆ: ತಾನು ಸೋತೆ, ಇದಕ್ಕೆ ಮದ್ದಿಲ್ಲ ಅಂತ ಅವನಿಗೆ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಮುದುಕನೇ ಅಂದುಕೊಳ್ಳುತ್ತಾನೆ, ಸೋತ ಮೇಲೆ ಎಲ್ಲ ಸಲೀಸು, ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ ಅಂತ. ಮರುದಿನ, ಅವನಿಂದಲೇ ಮೀನು ಹಿಡಿಯೋದು ಕಲಿತ ಹುಡುಗ ಮನೋಲಿನ್ ಬಂದಾಗ ಬಾಯಿಬಿಟ್ಟು ಹೇಳುತ್ತಾನೆ, ಅವು ನನ್ನನ್ನು ಸೋಲಿಸಿದವು, ನಿಜವಾಗಿಯೂ ಸೋಲಿಸಿದವು. ಗೋಡೆಯ ಮೇಲಿನ ಮಾತು ಒಂದು ಸಲ ಬಂದರೆ, ಸೋತೆ ಅನ್ನುವುದು ಅದರ ನಂತರ ಮತ್ತೆ ಮತ್ತೆ ಬರುತ್ತದೆ. ಆ ಪುಟಗಳನ್ನು ಯಾರೂ ಗೋಡೆಗೆ ಬರೆಯುವುದಿಲ್ಲ.

ನನಗೆ ಆ ಗೋಡೆ ಬರಹದ ಮೇಲೆ ಸಿಟ್ಟಿದೆ. ನಿನ್ನಂಥ ಹುಡುಗ ಸೋತು ಕೂತಾಗ ಅದು ಇನ್ನೊಂದು ಹೊರೆ ಹೊರಿಸುತ್ತದೆ. ಸೋಲುವುದೂ ತಪ್ಪು, ಸೋತೆ ಅನ್ನುವುದೂ ತಪ್ಪು ಅನ್ನುವ ಹಾಗೆ. ಪುಸ್ತಕ ಆ ಹೊರೆ ಇಳಿಸುತ್ತದೆ.

ಹುಡುಗ ಏನು ಮಾಡುತ್ತಾನೆ ಅಂತ ಇನ್ನೊಂದು ಸಲ ಓದು. ಮಲಗಿದ ಮುದುಕನ ಕೈ ನೋಡಿ ಅಳುತ್ತಾನೆ. ಹೊರಗೆ ಬಂದು ಕಾಫಿ ತರೋಕೆ ಹೋಗುತ್ತಾನೆ, ದಾರಿಯುದ್ದಕ್ಕೂ ಅಳುತ್ತಾನೆ, ಜನ ನೋಡುತ್ತಾರೆ ಅಂತ ಅಳು ಮುಚ್ಚಿಕೊಳ್ಳುವುದಿಲ್ಲ. ಯಾರೂ ಅವನನ್ನು ಎಬ್ಬಿಸಬಾರದು ಅಂತ ಹೇಳುತ್ತಾನೆ. ಮುದುಕ ಸೋತೆ ಅಂದಾಗ ಹುಡುಗ ಹೇಳುವುದು ಒಂದೇ ಮಾತು: ಆ ಮೀನು ನಿನ್ನನ್ನು ಸೋಲಿಸಲಿಲ್ಲ. ಮುದುಕ ಒಪ್ಪುತ್ತಾನೆ, ಹೌದು, ಸೋತಿದ್ದು ಆಮೇಲೆ ಅಂತ. ಯಾವುದರಲ್ಲಿ ಸೋತೆ, ಯಾವುದರಲ್ಲಿ ಸೋಲಲಿಲ್ಲ ಅಂತ ಇಬ್ಬರೂ ಲೆಕ್ಕ ಬೇರೆ ಮಾಡುತ್ತಾರೆ. ನೀನೂ ಹಾಗೆ ಬೇರೆ ಮಾಡಿ ನೋಡಬಹುದು. ಓದಿದ್ದು ಎಷ್ಟು, ಕಲಿತದ್ದು ಎಷ್ಟು ಅನ್ನುವುದು ಒಂದು. ಹುದ್ದೆ ಎಷ್ಟಿದ್ದವು, ಅರ್ಜಿ ಎಷ್ಟು ಬಂದವು, ಪರೀಕ್ಷೆ ಯಾವಾಗ ಮುಂದೆ ಹೋಯಿತು ಅನ್ನುವುದು ಇನ್ನೊಂದು. ಎರಡನ್ನೂ ಕಲಸಿ ನಾನೇ ಸರಿ ಇಲ್ಲ ಅಂದುಕೊಳ್ಳಬೇಡ.

ನಮ್ಮ ಮನೆಗಳಲ್ಲಿ ಹುಡುಗರು ವಾಪಸ್ ಬಂದಾಗ ಕೇಳುವ ಮೊದಲ ಪ್ರಶ್ನೆ, ಮುಂದೇನು? ಕಾಫಿ ಆಮೇಲೆ. ಈ ಪುಸ್ತಕದಲ್ಲಿ ಕಾಫಿ ಮೊದಲು. ನಿನ್ನ ಮನೆಯವರೂ ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾರೇ, ನನಗೆ ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗಳು ರಜಕ್ಕೆ ಬಂದಾಗ ಈ ಕಥೆ ಹೇಳಿದಳು. ಮಗ, ಸೊಸೆ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡದ ಕೆಲಸ. ಮನೆಯಲ್ಲಿ ನಾನೊಬ್ಬನೇ. ಆ ಮುದುಕನಿಗೆ ಹೆಂಡತಿ ಮಕ್ಕಳಿರಲಿಲ್ಲವಾ? ಯಾಕೆ ಒಬ್ಬನೇ ಇದ್ದ?
— ಒಬ್ಬ ಹಿರಿಯರು, ಕುಷ್ಟಗಿ ತಾಲ್ಲೂಕು

ಉತ್ತರ: ಯಜಮಾನರೇ, ನಿಮ್ಮ ಪ್ರಶ್ನೆಯನ್ನು ನನ್ನ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರೂ ಮೀನಿನ ಬಗ್ಗೆಯೇ ಕೇಳುತ್ತಿದ್ದರು.

ಹೆಂಡತಿ ಇದ್ದಳು, ತೀರಿಕೊಂಡಿದ್ದಾಳೆ. ಅವಳ ಬಣ್ಣ ಹಚ್ಚಿದ ಫೋಟೊ ಒಂದು ಕಾಲಕ್ಕೆ ಗೋಡೆಯ ಮೇಲಿತ್ತು. ನೋಡಿದರೆ ಒಂಟಿತನ ಜಾಸ್ತಿ ಆಗುತ್ತದೆ ಅಂತ ಮುದುಕ ಅದನ್ನು ತೆಗೆದು ಮೂಲೆಯ ಹಲಗೆಯ ಮೇಲೆ, ತನ್ನ ಒಗೆದ ಅಂಗಿಯ ಕೆಳಗೆ ಇಟ್ಟಿದ್ದಾನೆ. ಇಷ್ಟೇ ಇರುವುದು, ಒಂದು ವಾಕ್ಯ. ನಮ್ಮ ಮನೆಯವರು ಹೋದ ಮೇಲೆ ಮಗ ಅವರ ದೊಡ್ಡ ಫೋಟೊ ಮಾಡಿಸಿ ಹಾಲ್‌ನಲ್ಲಿ ಹಾಕಿದ. ನಾನು ಅದನ್ನು ಒಳಗಿನ ಕೋಣೆಗೆ ಒಯ್ದೆ. ಬಂದವರು ಕೇಳುತ್ತಾರೆ, ಯಾಕೆ ಅಲ್ಲಿ ಇಟ್ಟಿದ್ದೀರಿ ಅಂತ. ಬೆಳಗ್ಗೆ ಎದ್ದು ಚಹಾ ಕುಡಿಯುವಾಗ ಎದುರಿಗೆ ಬೇಡ ಅನಿಸಿತು. ಪ್ರೀತಿ ಕಡಿಮೆಯಾಗಿ ಅಲ್ಲ. ನಿಮಗೆ ಇದು ತಿಳಿಯುತ್ತದೆ.

ಮಕ್ಕಳ ಬಗ್ಗೆ ಪುಸ್ತಕದಲ್ಲಿ ಮಾತಿಲ್ಲ. ಇರುವುದು ಅದೇ ಊರಿನ ಹುಡುಗ ಮನೋಲಿನ್. ಐದು ವರ್ಷದವನಿದ್ದಾಗಿನಿಂದ ಮುದುಕನ ದೋಣಿ ಹತ್ತಿದವನು. ಮೊದಲ 40 ದಿನ ಮೀನು ಸಿಗದಿದ್ದಾಗ ಹುಡುಗನ ಅಪ್ಪ ಅಮ್ಮ ಹೇಳಿದರು, ಈ ಮುದುಕನಿಗೆ ಶನಿ ಹಿಡಿದಿದೆ, ಬೇರೆ ದೋಣಿಗೆ ಹೋಗು ಅಂತ. ಹುಡುಗ ಹೋದ. ಆ ದೋಣಿಯವರಿಗೆ ಮೊದಲ ವಾರವೇ ಮೂರು ಒಳ್ಳೆ ಮೀನು ಸಿಕ್ಕವು. ಅಂದರೆ ಮುದುಕ ಒಂಟಿಯಾಗಿದ್ದು ಕಡಲಿಗೆ ಹೋಗಿ ಅಲ್ಲ. ದಡದಲ್ಲೇ, ಜನ ದಿನ ಎಣಿಸಿದ್ದರಿಂದ. ಸೋಲು ಬಂದರೆ ಮನುಷ್ಯ ಹತ್ತಿರ ಬರಬೇಕು. ಅಲ್ಲಿ ದೂರ ಮಾಡಿದರು. ಮುದುಕ ಅವರನ್ನು ಬೈಯುವುದಿಲ್ಲ. ಅಪ್ಪನ ಮಾತು ಕೇಳಬೇಕಲ್ಲ, ಸಹಜ ಅನ್ನುತ್ತಾನೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನನಗೆ ಆ ಅಪ್ಪನ ಮೇಲೆ ಬೇಜಾರಿದೆ.

ಆದರೂ ಹುಡುಗ ದಿನಾ ಸಂಜೆ ಬರುತ್ತಾನೆ. ಇಬ್ಬರೂ ಒಂದು ಆಟ ಆಡುತ್ತಾರೆ. ತಿನ್ನೋಕೆ ಏನಿದೆ ಅಂತ ಹುಡುಗ ಕೇಳುತ್ತಾನೆ. ಮೀನು ಹಾಕಿದ ಹಳದಿ ಅನ್ನ ಇದೆ, ನಿನಗೂ ಬೇಕಾ ಅನ್ನುತ್ತಾನೆ ಮುದುಕ. ಬಲೆ ತೆಗೆದುಕೊಂಡು ಹೋಗಲಾ ಅಂತ ಹುಡುಗ. ಹೂಂ, ತಗೋ. ಮನೆಯಲ್ಲಿ ಅನ್ನವೂ ಇಲ್ಲ, ಬಲೆಯೂ ಇಲ್ಲ. ಬಲೆ ಮಾರಿದ್ದು ಯಾವಾಗ ಅಂತ ಹುಡುಗನಿಗೆ ನೆನಪಿದೆ. ಇಬ್ಬರಿಗೂ ಎಲ್ಲ ಗೊತ್ತು. ಆದರೂ ದಿನಾ ಅದೇ ಮಾತು. ಕೊನೆಗೆ ಹುಡುಗ ಹೋಟೆಲಿನಿಂದ ಊಟ ತರುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಬಡವನ ಮರ್ಯಾದೆ ಕಾಯುವುದಕ್ಕೆ ಒಂದು ಮಗು ಕಲಿತ ದಾರಿ.

ಫೋನಿನಲ್ಲಿ ಮಗ ಊಟ ಆಯ್ತಾ ಅಂದಾಗ ನೀವೂ ಆಯ್ತಪ್ಪ, ರೊಟ್ಟಿ, ಪುಂಡಿಪಲ್ಯ ಮಾಡಿದ್ದೆ ಅನ್ನುತ್ತಿರಬಹುದು. ಒಲೆ ಹಚ್ಚದೆ ಇದ್ದ ದಿನವೂ. ಅವನೂ ಅಲ್ಲಿಂದ, ನಾನು ಆರಾಮ ಇದ್ದೀನಿ ಅನ್ನುತ್ತಿರಬಹುದು. ಯಜಮಾನರೇ, ಒಲೆ ಹಚ್ಚದ ದಿನ ಜಾಸ್ತಿ ಆದರೆ ಮಾತ್ರ ನಿಜ ಹೇಳಿ. ಪಕ್ಕದ ಮನೆಗಾದರೂ ಹೇಳಿ. ಮುದುಕ ಕೂಡ ಹುಡುಗ ತಂದ ಊಟವನ್ನು ಬೇಡ ಅನ್ನಲಿಲ್ಲ.

ಕಡಲಿನ ನಡುವೆ ಅವನು ದಣಿದ ಸಣ್ಣ ಹಕ್ಕಿಯ ಜೊತೆ ಮಾತಾಡುತ್ತಾನೆ, ಮೀನಿನ ಜೊತೆ, ಮರಗಟ್ಟಿದ ತನ್ನ ಎಡಗೈ ಜೊತೆ. ಹುಡುಗ ಇರಬೇಕಿತ್ತು ಅಂತ ಎಷ್ಟೋ ಸಲ ಅನ್ನುತ್ತಾನೆ. ವಯಸ್ಸಾದ ಕಾಲಕ್ಕೆ ಯಾರೂ ಒಂಟಿಯಾಗಿರಬಾರದು ಅಂತಲೂ ಅನ್ನುತ್ತಾನೆ. ವಾಪಸ್ ಬಂದು ಹುಡುಗನ ಜೊತೆ ಮಾತಾಡುವಾಗ ಅವನಿಗೆ ಗೊತ್ತಾಗುವುದು, ತನ್ನ ಜೊತೆಗೆ, ಕಡಲಿನ ಜೊತೆಗೆ ಮಾತ್ರ ಆಡುವುದಕ್ಕಿಂತ ಎದುರಿಗೆ ಒಬ್ಬರಿದ್ದರೆ ಎಷ್ಟು ಚೆನ್ನಾಗಿರುತ್ತದೆ ಅಂತ. ಇನ್ನು ಮೇಲೆ ಇಬ್ಬರೂ ಜೊತೆಗೇ ಹೋಗೋಣ, ಮನೆಯವರು ಏನಾದರೂ ಅನ್ನಲಿ ಅನ್ನುತ್ತಾನೆ ಹುಡುಗ. ಮೀನು ಹೋಯಿತು, ಹುಡುಗ ಸಿಕ್ಕ. ಸೋಲು ಹಾಗೇ ಇದೆ, ಒಂಟಿತನ ಮುಗಿಯಿತು. ಈ ಎರಡನ್ನೂ ಒಂದೇ ಅಂದುಕೊಂಡು ನಾವು ಸಂಕಟಪಡುತ್ತೇವೆ.

ಪ್ರಶ್ನೆ: ಮೇಡಂ, ಅಷ್ಟು ದೊಡ್ಡ ಮೀನು ನಮ್ಮ ತುಂಗಭದ್ರಾ ಡ್ಯಾಮಿನಲ್ಲಿ ಸಿಗುತ್ತದಾ?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಮುನಿರಾಬಾದ್

ಉತ್ತರ: ಇಲ್ಲ ಮಗಾ. ಮಾರ್ಲಿನ್ ಕಡಲಿನ ಮೀನು, ಅದೂ ಆಳ ಕಡಲಿನದು. ಮೂತಿ ಕತ್ತಿಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಕಥೆಯ ಮೀನು 18 ಅಡಿ ಉದ್ದ. ಮುದುಕನ ದೋಣಿಗಿಂತ ಎರಡು ಅಡಿ ಜಾಸ್ತಿ. ನಿಮ್ಮಲ್ಲಿ ಹರಿಗೋಲಿನಲ್ಲಿ ಹೋಗಿ ಬಲೆ ಬಿಡುವವರಿಗೆ ಸಿಗುವುದು ಕಾಟ್ಲಾ, ರೋಹು. ಅವರ ಹತ್ತಿರ ಕೂತು ಕೇಳು, ಏನೂ ಸಿಗದೆ ವಾಪಸ್ ಬಂದ ದಿನ ಮನೆಯಲ್ಲಿ ಏನು ಹೇಳುತ್ತೀರಿ ಅಂತ. ಕೇಳಿದ್ದನ್ನು ನನಗೆ ಬರೆದು ಕಳಿಸು, ಇದೇ ಅಂಕಣದಲ್ಲಿ ಹಾಕುತ್ತೇನೆ.

ಪ್ರಶ್ನೆ: ಸೋಲಿನ ಬಗ್ಗೆ ಇಷ್ಟು ಬರೆದ ಲೇಖಕನೇ 1961ರಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಂಡ. ಇಂಥವನ ಪುಸ್ತಕವನ್ನು ಮಕ್ಕಳಿಗೆ ಹೇಗೆ ಕೊಡುವುದು? ನನಗೆ ಹಿಂಜರಿಕೆ ಆಗುತ್ತದೆ.
— ಪ್ರೌಢಶಾಲೆ ಶಿಕ್ಷಕಿ, ಬಳ್ಳಾರಿ

ಉತ್ತರ: ನಿಮ್ಮ ಹಿಂಜರಿಕೆ ಮಕ್ಕಳ ಮೇಲಿನ ಕಾಳಜಿಯಿಂದ ಬಂದದ್ದು. ಆದರೂ ಕೊಡಿ ಅನ್ನುತ್ತೇನೆ. ಮುಚ್ಚಿಡದೆ ಕೊಡಿ.

ಈ ಪುಸ್ತಕಕ್ಕಿಂತ ಮುಂಚೆ, 1950ರಲ್ಲಿ ಬಂದ ಅವನ ಕಾದಂಬರಿಯನ್ನು ವಿಮರ್ಶಕರು ಹೀನಾಯವಾಗಿ ಬೈದಿದ್ದರು. ಇವನ ಕಥೆ ಮುಗಿಯಿತು ಅಂದವರೂ ಇದ್ದರು. ಹವಾನಾ ಹತ್ತಿರದ ಮನೆಯಲ್ಲಿದ್ದುಕೊಂಡು ಇದನ್ನು ಬರೆದ. 'ಲೈಫ್' ಪತ್ರಿಕೆ 1952ರ ಸೆಪ್ಟೆಂಬರಿನಲ್ಲಿ ಇಡೀ ಕಥೆಯನ್ನು ಒಂದೇ ಸಂಚಿಕೆಯಲ್ಲಿ ಹಾಕಿತು. ಎರಡು ದಿನದಲ್ಲಿ 50 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾದವು. 1953ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು, 1954ರಲ್ಲಿ ನೊಬೆಲ್. ಆ ವರ್ಷವೇ ಆಫ್ರಿಕಾದಲ್ಲಿ ಎರಡು ವಿಮಾನ ಅಪಘಾತಗಳಲ್ಲಿ ಪೆಟ್ಟಾಗಿ, ನೊಬೆಲ್ ತಗೊಳ್ಳೋಕೆ ಹೋಗಲಿಲ್ಲ. ಬರೆದು ಕಳಿಸಿದ ಭಾಷಣವನ್ನು ಬೇರೆಯವರು ಓದಿದರು. ಬರಹಗಾರನ ಬದುಕು ಒಂಟಿ ಬದುಕು, ಅವನು ತನಗೆ ಆಗುವುದಕ್ಕಿಂತ ದೂರಕ್ಕೆ, ಯಾರೂ ಸಹಾಯಕ್ಕೆ ಬರಲಾರದ ಕಡೆಗೆ ಹೋಗಬೇಕಾಗುತ್ತದೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಸಾಂಟಿಯಾಗೊನ ದೋಣಿ ಹೋದ ದೂರವೇ ಅದು, ಅಲ್ವಾ?

ಕೊನೆಯ ವರ್ಷಗಳಲ್ಲಿ ಅವನಿಗೆ ಖಿನ್ನತೆ ಕಾಯಿಲೆ ತೀವ್ರವಾಗಿತ್ತು, ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿತ್ತು. ಕಾಯಿಲೆಯಿಂದ ಹೋದವನನ್ನು ಹೇಡಿ ಅಂತ ಮಕ್ಕಳ ಮುಂದೆ ಹೇಳಬೇಡಿ. ಪುಸ್ತಕ ಸುಳ್ಳಾಯಿತು ಅಂತಲೂ ಬೇಡ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಔಷಧ ಇದೆ, ಕೇಳಿಕೊಂಡರೆ ಸಹಾಯ ಸಿಗುತ್ತದೆ ಅಂತ ಹೇಳಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416 ಬೋರ್ಡಿನ ಮೇಲೆ ಬರೆಸಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಸ್ಕಿಯ ತಮ್ಮಾ, ನೀನೂ ಈ ನಂಬರ್ ಬರೆದಿಟ್ಟುಕೋ.

ಪ್ರಶ್ನೆ: ಅಕ್ಕಾರೇ, ನಾನು ರೈತ. ಈ ಕಥೆ ದುರಾಸೆಯ ಕಥೆ ಅಂತ ನನ್ನ ಅನಿಸಿಕೆ. ಹತ್ತಿರದಲ್ಲೇ ಸಣ್ಣ ಮೀನು ಹಿಡಿದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ದೂರ ಹೋದದ್ದೇ ತಪ್ಪು. ಅವನೇ ಹಾಗಂತಾನೆ ಅಂತ ಮಗ ಹೇಳಿದ.
— ಮಾನ್ವಿ ತಾಲ್ಲೂಕಿನ ಓದುಗರು

ಉತ್ತರ: ಅಣ್ಣಾರೇ, ಹೌದು, ಅವನೇ ಅನ್ನುತ್ತಾನೆ. ನಿನ್ನನ್ನು ಸೋಲಿಸಿದ್ದು ಯಾವುದು ಅಂತ ತನ್ನನ್ನೇ ಕೇಳಿಕೊಂಡು, ಯಾವುದೂ ಅಲ್ಲ, ನಾನು ತೀರ ದೂರ ಹೋದೆ ಅನ್ನುತ್ತಾನೆ. ಸತ್ತ ಮೀನಿನ ಹತ್ತಿರವೂ ಕ್ಷಮೆ ಕೇಳುತ್ತಾನೆ, ನಮ್ಮಿಬ್ಬರನ್ನೂ ಹಾಳು ಮಾಡಿದೆ ಅಂತ. ಹೊಟ್ಟೆಗಾಗಿ ಮಾತ್ರ ಕೊಲ್ಲಲಿಲ್ಲ, ಹೆಮ್ಮೆಗಾಗಿಯೂ ಕೊಂದೆ ಅಂತ ಒಪ್ಪಿಕೊಳ್ಳುತ್ತಾನೆ. ಇಷ್ಟರ ಮಟ್ಟಿಗೆ ನಿಮ್ಮ ಮಾತು ನಿಜ.

ದುರಾಸೆ ಅನ್ನುವುದನ್ನು ಮಾತ್ರ ಒಪ್ಪಲಾರೆ. ಹತ್ತಿರದ ಆಳದ ಜಾಗಗಳಲ್ಲಿ ಅವನು ಒಂದು ವಾರ ಗಾಳ ಹಾಕಿದ್ದಾನೆ, ಏನೂ ಸಿಕ್ಕಿಲ್ಲ. ಹತ್ತಿರದಲ್ಲಿ ಇಲ್ಲದವನು ದೂರ ಹೋಗುತ್ತಾನೆ. ಮೀನು ಸಿಕ್ಕ ಮೇಲೆ ಪೌಂಡಿಗೆ 30 ಸೆಂಟ್‌ನಂತೆ ಎಷ್ಟು ಆಗುತ್ತದೆ ಅಂತ ಲೆಕ್ಕ ಹಾಕೋಕೆ ಹೋಗಿ, ಇದಕ್ಕೆ ಪೆನ್ಸಿಲ್ ಬೇಕು ಅಂತ ಬಿಡುತ್ತಾನೆ. ದುರಾಸೆಯವರು ಆ ಲೆಕ್ಕಕ್ಕೆ ಪೆನ್ಸಿಲ್ ಕಾಯುವುದಿಲ್ಲ.

ನೀವು ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದವರು. ಮೇಲಿನವರು ಭತ್ತ ಹಚ್ಚಿದರೆ ನಿಮ್ಮ ಹೊಲಕ್ಕೆ ನೀರು ಬರುವುದು ಅನುಮಾನ ಅನ್ನುವುದು ನನಗಿಂತ ನಿಮಗೆ ಗೊತ್ತು. ನನ್ನ ತಮ್ಮ ಸಿರವಾರ ಕಡೆ ಲೀಸಿಗೆ ಹೊಲ ಹಿಡಿದು ಮೆಣಸಿನಕಾಯಿ ಹಾಕಿದ ವರ್ಷ ಬೆಲೆ ಬಿತ್ತು. ಊರಲ್ಲಿ ಅಂದರು, ಇದ್ದದ್ದರಲ್ಲಿ ಇರಬೇಕಿತ್ತು, ಆಸೆ ಜಾಸ್ತಿ ಆಯ್ತು. ಅವನಿಗೆ ಇದ್ದದ್ದು ಎರಡು ಎಕರೆ ಒಣ ಭೂಮಿ. ಅದರಲ್ಲಿ ಹೇಗೆ ಇರುವುದು? ಸೋಲು ಬಂದ ಕೂಡಲೇ ಅದಕ್ಕೊಂದು ತಪ್ಪು ಹುಡುಕುತ್ತೇವೆ. ಹಾಗೆ ಮಾಡಿದರೆ ನಮಗೆ ಆ ಗತಿ ಬರುವುದಿಲ್ಲ ಅನ್ನುವ ಧೈರ್ಯ ಸಿಗುತ್ತದೆ. ಸೋತವನು ಆ ಹೊತ್ತಿಗೆ ಇನ್ನೂ ಒಂಟಿ ಆಗುತ್ತಾನೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಜಲಾಶಯ ತುಂಬಿತ್ತು. ನಮ್ಮ ಕಣ್ಣೆದುರೇ ಆ ನೀರು ನದಿಗೆ ಹೋಯಿತು. ಆ ವಾರ ಯಾವ ರೈತ ಏನು ದುರಾಸೆ ಪಟ್ಟಿದ್ದ, ಹೇಳಿ? ಬಂದು ಸೇರಿದ್ದನ್ನು ಉಳಿಸಿಕೊಳ್ಳೋಕೆ ಆಗದೆ ಹೋಗುವ ಸೋಲೂ ಒಂದಿದೆ. ಸಾಂಟಿಯಾಗೊನ ಸೋಲು ಆ ಜಾತಿಯದು. ತಪ್ಪು ನನ್ನದು ಅಂತ ಅವನು ಅಂದುಕೊಳ್ಳಲಿ, ಅದು ಅವನ ದೊಡ್ಡತನ. ಓದುವ ನಾವು ಹಾಗೆ ಹೇಳಬಾರದು.

ಪ್ರಶ್ನೆ: ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೂಲದಲ್ಲೇ ಓದಬಹುದಾ?
— ಪದವಿ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಧಾರಾಳವಾಗಿ ಓದು. ಒಟ್ಟು ಸುಮಾರು 27 ಸಾವಿರ ಪದ ಅಷ್ಟೇ. ಅಧ್ಯಾಯಗಳೇ ಇಲ್ಲ. ವಾಕ್ಯಗಳು ಸರಳ. ಗಟ್ಟಿಯಾಗಿ ಓದಿಕೋ. ದೋಣಿ, ಹಗ್ಗ, ಮೀನಿನ ಹೆಸರುಗಳು ಕಷ್ಟ ಅನಿಸುತ್ತವೆ, ಮೊದಲ ಸಲ ಅವನ್ನು ಬಿಟ್ಟು ಮುಂದೆ ಹೋಗು. ನಡುವೆ ಬರುವ ಡಿಮ್ಯಾಜಿಯೊ ಅನ್ನುವವನು ಅಮೆರಿಕದ ಬೇಸ್‌ಬಾಲ್ ಆಟಗಾರ, ಹಿಮ್ಮಡಿ ನೋವಿನಲ್ಲೂ ಆಡಿದವನು, ಅದಕ್ಕೇ ಮುದುಕನಿಗೆ ಅವನ ಮೇಲೆ ಪ್ರೀತಿ. ಇಷ್ಟು ಗೊತ್ತಿದ್ದರೆ ಸಾಕು. ಮೊದಲ ಇಪ್ಪತ್ತು ಪುಟ ಮುದುಕ, ಹುಡುಗ ಇಬ್ಬರ ಮಾತೇ ಇದೆ, ಅದನ್ನು ಗೆಳತಿಯ ಜೊತೆ ಪಾತ್ರ ಹಂಚಿಕೊಂಡು ಓದಿದರೆ ಇನ್ನೂ ಒಳ್ಳೆಯದು. ಅರ್ಥ ಆಗದ ಜಾಗಕ್ಕೆ ಗುರುತು ಹಾಕಿ, ಪುಟದ ಸಂಖ್ಯೆ ಬರೆದು ಕಳಿಸು. ಉತ್ತರ ಕೊಡುತ್ತೇನೆ.